ಕಾಮಾಲೆ ನೋಡಲು ಬಂದವರು

ನನಗೆ ಕಾಮಾಲೆ ಆಗಿದೆ ಎಂಬ ಸುದ್ದಿ ಅಪ್ಪನಿಗೆ ತಿಳಿದದ್ದು ಅವನ ಕಿರಾಣಿ ಅಂಗಡಿಯಲ್ಲಿ, ಪುಟಾಣಿ ಕೊಳ್ಳಲು ಬಂದಿದ್ದ ಗಿರಾಕಿಯೊಬ್ಬರ ಬಾಯಿಂದ. "ಮಗಳಿಗೆ ಕಾಮಾಲೆ ಅಂತಲ್ರೀ, ಎಣ್ಣೆ ಪದಾರ್ಥ ಕೊಡಬ್ಯಾಡ್ರಿ" ಎಂದು ಅವರು ಹೇಳಿದಾಗ ಅಪ್ಪ ಪೊಟ್ಟಣ ಕಟ್ಟುತ್ತಲೇ "ಹೂಂ" ಅಂದನಂತೆ. ಮಧ್ಯಾಹ್ನ ಊಟಕ್ಕೆ ಬಂದವನು ಚಪ್ಪಲಿ ಬಿಡುವ ಮೊದಲೇ ಕೇಳಿದ.

"ಕಾಮಾಲೆ ಯಾವಾಗ ಆತು?"

"ಬೆಳಿಗ್ಗೆ" ಅಂದಳು ಅವ್ವ, ಅಡುಗೆಮನೆಯಿಂದ ಈಚೆ ಬರದೆ.

ಅವತ್ತು ಬೆಳಿಗ್ಗೆ ಎದುರು ಮನೆಯ ಆಂಟಿ ಗೇಟಿನ ಹತ್ತಿರ ನಿಂತು, "ನಿಮ್ಮ ಹುಡುಗಿ ಸ್ಕೂಲಿಗೆ ಹೋಗ್ತಿಲ್ಲಲ್ಲ, ಯಾಕ?" ಎಂದು ಕೇಳಿದ್ದರು. ಅವ್ವನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಅಭ್ಯಾಸವಿಲ್ಲದವರ ಕಷ್ಟವೇ ಇದು. ಜ್ವರ ಅಂದು ಎರಡು ದಿನಕ್ಕೆ ಮುಗಿಸುವ ಬದಲು ಪಥ್ಯ, ಔಷಧಿ, ತಿಂಗಳುಗಟ್ಟಲೆ ವಿಶ್ರಾಂತಿ ಎಲ್ಲ ಇರುವ ರೋಗವನ್ನೇ ಆರಿಸಿಕೊಂಡಳು. ದಾವಣಗೆರೆಯಲ್ಲಿ ಒಂದು ಮಾತು ಗೇಟು ದಾಟಿದರೆ ಸಾಕು, ಮಧ್ಯಾಹ್ನದೊಳಗೆ ಪೇಟೆ ಸುತ್ತಿ ಮನೆಗೇ ವಾಪಸು ಬರುತ್ತದೆ.

ನನಗೆ ಆಗಿದ್ದು ಬೇರೆ. ನಾನು ಒಂದು ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದೆ, ಸಂಜೆ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆದು ಕೊಡುತ್ತಿದ್ದೆ. ಒಂದು ದಿನ ನಾಲ್ಕನೇ ತರಗತಿಯವರಿಗೆ ಬೋರ್ಡಿನ ಮೇಲೆ ಮಾವಿನಹಣ್ಣು ಬರೆಯಲು ಹೊರಟೆ. ತೊಟ್ಟಿನಿಂದ ಇಳಿದು ಹೊಟ್ಟೆಯ ತನಕ ಬಂದ ಗೆರೆ ಅಲ್ಲೇ ನಿಂತಿತು. ಮುಂದಕ್ಕೆ ಎಳೆಯುವುದು ಹೇಗೆಂದು ಗೊತ್ತಿತ್ತು, ಆದರೆ ಯಾಕೆ ಎಳೆಯಬೇಕು ಅನ್ನುವುದು ಗೊತ್ತಾಗಲಿಲ್ಲ. ಮೊದಲು ಮಕ್ಕಳು ಕಿಸಕ್ಕನೆ ನಕ್ಕರು, ಆಮೇಲೆ ಸುಮ್ಮನಾದರು. ಅರ್ಧ ಮಾವಿನಹಣ್ಣನ್ನು ಬೋರ್ಡಿನ ಮೇಲೆ ಬಿಟ್ಟು ನಾನು ಮನೆಗೆ ಬಂದು ಮಲಗಿದೆ. ಅದಕ್ಕೂ ಎಷ್ಟೋ ವಾರಗಳ ಹಿಂದಿನಿಂದಲೇ ಅದು ಶುರುವಾಗಿತ್ತು ಅನ್ನುವುದು ನನಗೆ ಆಮೇಲೆ ತಿಳಿಯಿತು.

ಯಾರೂ ನನಗೆ ಮೋಸ ಮಾಡಿರಲಿಲ್ಲ, ಯಾರೂ ಸತ್ತಿರಲಿಲ್ಲ. ದುಃಖ ಅಂತಲೂ ಹೇಳಲಾರೆ, ದುಃಖಕ್ಕಾದರೂ ಒಂದು ರುಚಿ ಇರುತ್ತದೆ. ತಲೆ ಬಾಚಿಕೊಳ್ಳುವುದು ಬೆಟ್ಟ ಹತ್ತಿದಂತಾಗುತ್ತಿತ್ತು. ಬೆಳಕಾದರೆ ಅಯ್ಯೋ ಮತ್ತೆ ಬೆಳಕಾಯಿತೇ ಅನ್ನಿಸುತ್ತಿತ್ತು. ಅವ್ವ ತಟ್ಟೆ ತಂದಿಟ್ಟು ಹೋಗುತ್ತಿದ್ದಳು. ಮತ್ತೆ ಬಂದಾಗ ತಟ್ಟೆ ಹಾಗೇ ಇದ್ದರೆ ಏನೂ ಅನ್ನದೆ ತೆಗೆದುಕೊಂಡು ಹೋಗುತ್ತಿದ್ದಳು. ಬೈಯುವ ಹೆಂಗಸು ಬೈಯದೆ ಹೋದರೆ ಮನೆಯವರಿಗೆ ಎಷ್ಟು ಹೆದರಿಕೆಯಾಗುತ್ತದೆ ಗೊತ್ತೇ? ಅಪ್ಪನಿಗೆ ಆಗ ಹೆದರಿಕೆಯಾಗಿ, "ಮನಸ್ಸಿನ ಡಾಕ್ಟ್ರಿಗೆ ತೋರಿಸಾಣ" ಅಂದ.

ಊರಿಗೂರೇ ಆಸ್ಪತ್ರೆಗೆಂದು ದಾವಣಗೆರೆಗೆ ಬರುತ್ತದೆ. ನಾವು ಮಾತ್ರ ದಾವಣಗೆರೆ ಬಿಟ್ಟು ಹರಿಹರಕ್ಕೆ ಹೋದೆವು, ಯಾಕೆಂದರೆ ಇಲ್ಲಿ ಯಾವ ಆಸ್ಪತ್ರೆಯ ಬೆಂಚಿನ ಮೇಲೆ ಕೂತರೂ ಪಕ್ಕದಲ್ಲಿ ಒಬ್ಬ ನೆಂಟ ಇರುತ್ತಾನೆ. ಹರಿಹರದಲ್ಲಿ ಒಂದು ಔಷಧಿ ಅಂಗಡಿಯ ಮಹಡಿ ಮೇಲೆ ಗುರುವಾರಕ್ಕೊಮ್ಮೆ ಒಬ್ಬರು ಡಾಕ್ಟರಮ್ಮ ಬರುತ್ತಿದ್ದರು. ಅವ್ವ ಬಸ್ಸಿನಲ್ಲಿ ತಲೆ ತುಂಬ ಸೆರಗು ಹೊದ್ದು ಕೂರುತ್ತಿದ್ದಳು. ನಡುದಾರಿಯ ಬಾತಿ ಎಂಬ ಊರಿನಲ್ಲಿ ಬಸ್ಸು ನಿಂತು ಜನ ಹತ್ತುವಾಗ ಸೆರಗು ಇನ್ನೂ ನಾಲ್ಕು ಬೆರಳು ಮುಂದಕ್ಕೆ ಬರುತ್ತಿತ್ತು.

ವಾರವಾರ ಎಲ್ಲಿಗೆ ಹೋಗ್ತೀರಿ ಎಂದು ಎದುರು ಮನೆಯ ಆಂಟಿ ಕೇಳದೆ ಬಿಡುತ್ತಾರೆಯೇ? ಹರಿಹರೇಶ್ವರನಿಗೆ ಹರಕೆ ಅಂದಳು ಅವ್ವ. ಶಿವನ ವಾರ ಸೋಮವಾರ ಅಲ್ವೇನ್ರೀ, ಗುರುವಾರ ಯಾಕ ಅಂದರು ಆಂಟಿ. ಆ ಹೊತ್ತಿಗೆ ಅವ್ವನಿಗೆ ಸುಳ್ಳು ಸ್ವಲ್ಪ ರೂಢಿಯಾಗಿತ್ತು. "ಸೋಮವಾರ ಹರಂದು, ಶನಿವಾರ ಹರೀದು. ಇಬ್ರಿಗೂ ಬೇಜಾರಾಗೋದು ಬ್ಯಾಡ ಅಂತ ನಡುವೆ ಗುರುವಾರ ಇಟ್ಕಂಡೀವಿ" ಅಂದಳು. ಆಂಟಿ ಕೈ ಮುಗಿದರಂತೆ.

ಮನೆಗೆ ಬಂದು ನನ್ನ ಕೈ ಹಿಡಿದು ಅವ್ವ ಕೇಳಿಕೊಂಡಿದ್ದು ಒಂದೇ. "ಯಾರಿಗೂ ಬಾಯಿ ಬಿಡಬ್ಯಾಡ ತಾಯಿ. ಕಾಮಾಲೆ ಆದ್ರೆ ವಾಸಿ ಆತು ಅಂತಾರೆ. ಇದು ಗೊತ್ತಾದ್ರೆ ತಲೆ ಸರಿ ಇಲ್ಲ ಅಂತಾರೆ, ಸಾಯೋ ತನಕ ಅಂತಾರೆ. ನಿಂಗೆ ಯಾರು ಹೆಣ್ಣು ಕೇಳಾಕೆ ಬರ್ತಾರೆ?" ನನಗೆ ಆಗ ವಾದ ಮಾಡುವ ಶಕ್ತಿ ಇರಲಿಲ್ಲ. ಆಗಲಿ ಅಂದೆ.

ಹೀಗೆ ನನ್ನ ಕಾಮಾಲೆ ಅಧಿಕೃತವಾಯಿತು, ಜನ ಮಾತಾಡಿಸಲು ಬರತೊಡಗಿದರು. ನಮ್ಮ ಕಡೆ ಯಾರಿಗಾದರೂ ಹುಷಾರಿಲ್ಲ ಅಂದರೆ ಹೋಗಿ ಮಾತಾಡಿಸಿ ಬರದಿದ್ದವರನ್ನು ಜನ ಜನ್ಮಪೂರ್ತಿ ನೆನಪಿಟ್ಟುಕೊಳ್ಳುತ್ತಾರೆ. ಬರಿಗೈಯಲ್ಲಿ ಬರುವ ಹಾಗಿಲ್ಲ. ಸಾಮಾನ್ಯ ರೋಗಕ್ಕೆ ಬ್ರೆಡ್ಡು, ಬಿಸ್ಕತ್ತು, ಮೋಸಂಬಿ. ಕಾಮಾಲೆಯದು ದೊಡ್ಡ ಮರ್ಯಾದೆ, ಅದಕ್ಕೆ ತರುವ ವಸ್ತುಗಳೇ ಬೇರೆ. ಆನಗೋಡಿನಿಂದ ಅವ್ವನ ತಮ್ಮ ಬೈಕಿನ ಮೇಲೆ ಒಂದು ಹೊರೆ ಕಬ್ಬನ್ನೇ ಅಡ್ಡಡ್ಡ ಕಟ್ಟಿಕೊಂಡು ಬಂದ. ಹೆದ್ದಾರಿಯಲ್ಲಿ ಅವನ ಹಿಂದೆ ಎಷ್ಟು ಲಾರಿಗಳು ಹಾರ್ನ್ ಹೊಡೆದವೋ. ಎದುರು ಮನೆಯ ಆಂಟಿ ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕದಡಿ ತಂದು, ಕುಡಿಯುವ ತನಕ ಎದುರಿಗೇ ಕೂತರು. ಒಬ್ಬರು ಎಳನೀರು, ಒಬ್ಬರು ಮೂಲಂಗಿ, ಇನ್ನೊಬ್ಬರು ಬರೀ ಸಲಹೆ.

ಬಂದವರು ಮಂಚದ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ನನ್ನ ಕೆಳರೆಪ್ಪೆ ಎಳೆದು ನೋಡುತ್ತಿದ್ದರು. "ಕಣ್ಣು ಹಳದಿ ಇಲ್ಲಲ್ಲ" ಎಂದು ಯಾರಾದರೂ ಅಂದರೆ ಅವ್ವ ಕಾಫಿ ಲೋಟ ಮುಂದೆ ಮಾಡಿ, "ಇಳೀತಾ ಐತ್ರಿ" ಅನ್ನುತ್ತಿದ್ದಳು. ನಾನು ಎಲ್ಲವನ್ನೂ ನುಂಗುತ್ತಿದ್ದೆ, ಮಜ್ಜಿಗೆಯನ್ನೂ, ಸಲಹೆಯನ್ನೂ. ಆದರೆ ಒಳಗೆ ಉರಿಯುತ್ತಿತ್ತು. ಇವರೆಲ್ಲ ಕೆಲಸ ಬಿಟ್ಟು, ಬಸ್ಸು ಹಿಡಿದು, ಬಿಸಿಲಲ್ಲಿ ಬಂದವರು. ಅವರು ತಂದ ಪ್ರೀತಿಯಲ್ಲಿ ಸುಳ್ಳಿರಲಿಲ್ಲ. ಅದೆಲ್ಲ ಹೋಗಿ ಕಾಮಾಲೆಗೆ ಸೇರುತ್ತಿತ್ತು, ನನಗೆ ಸೇರುತ್ತಿರಲಿಲ್ಲ. ನನಗೇನಾಗಿದೆ ಎಂದು ಗೊತ್ತಿದ್ದೂ ಇವರು ಹೀಗೇ ಬಂದು ಕೂರುತ್ತಿದ್ದರೇ ಎಂಬ ಪ್ರಶ್ನೆಯನ್ನು ಕಬ್ಬಿನ ಸಿಪ್ಪೆಯಂತೆ ಜಗಿಯುತ್ತ ಮಲಗಿರುತ್ತಿದ್ದೆ.

ಲೋಕಿಕೆರೆಯ ಅತ್ತೆ ಬಂದದ್ದು ಆಮೇಲೆ. ಅಪ್ಪನ ಅಕ್ಕ. ಆಕೆ ಮಾತಾಡಿಸಲು ಬರಲಿಲ್ಲ, ಕಾಮಾಲೆ ಇಳಿಸಲೆಂದೇ ಬಂದಳು. ಚೀಲದಲ್ಲಿ ಸುಣ್ಣ, ಯಾವುದೋ ಮರದ ಚಕ್ಕೆಯ ಪುಡಿ, ಒಂದು ಹಿತ್ತಾಳೆ ಬಟ್ಟಲು. ಊರಲ್ಲಿ ಬಹಳ ಜನರಿಗೆ ಇಳಿಸಿದ್ದಾಳಂತೆ. ಅವ್ವನಿಗೆ ಬೆವರು ಕಿತ್ತುಕೊಂಡಿತು. "ಬ್ಯಾಡ ಬಿಡ್ರಿ ಅಕ್ಕಾ, ಡಾಕ್ಟ್ರು ಔಷಧಿ ಕೊಟ್ಟಾರೆ" ಅಂದಳು.

"ಡಾಕ್ಟ್ರು ಡಾಕ್ಟ್ರ ಕೆಲ್ಸ ಮಾಡ್ಲಿ, ನಾ ನನ್ ಕೆಲ್ಸ ಮಾಡ್ತೀನಿ. ಏಳವ್ವ, ಕೈ ಚಾಚು" ಅಂದಳು ಅತ್ತೆ.

ನಾನು ಚಾಚಿದೆ. ಅತ್ತೆ ಚಕ್ಕೆಯ ಪುಡಿಯನ್ನು ನೀರಲ್ಲಿ ಕಲಸಿ ನನ್ನ ಎರಡೂ ಕೈಗೆ ಮೊಣಕೈತನಕ ತಿಕ್ಕಿದಳು, ತಿಕ್ಕುತ್ತ ಬಾಯಲ್ಲೇ ಏನೋ ಹೇಳಿಕೊಂಡಳು. ಆಮೇಲೆ ಕೈಗಳನ್ನು ಬಟ್ಟಲಿನಲ್ಲಿಟ್ಟು ಮೇಲಿಂದ ಸುಣ್ಣದ ತಿಳಿ ಹೊಯ್ದಳು. ನೀರು ಹಳದಿಯಾಯಿತು. ಸುಮಾರಾಗಿ ಅಲ್ಲ, ಮದುವೆಮನೆಯ ಅರಿಶಿನದ ನೀರಿನಷ್ಟು ಹಳದಿ. ಇನ್ನೊಮ್ಮೆ ಹೊಯ್ದಳು, ಇನ್ನಷ್ಟು ಹಳದಿ.

"ನೋಡು, ನೋಡು!" ಎಂದು ಅತ್ತೆ ಕೂಗಿದಳು. "ಎಷ್ಟು ತುಂಬ್ಕಂಡಿತ್ತು ನೋಡು! ಇನ್ನೊಂದು ವಾರ ತಡ ಆಗಿದ್ರೆ ಹುಡುಗಿ ಕೈ ತಪ್ಪಿ ಹೋಗೋದು. ಡಾಕ್ಟ್ರಂತೆ ಡಾಕ್ಟ್ರು!"

ನಾನು ಅವ್ವನ ಮುಖ ನೋಡಿದೆ. ಇಲ್ಲದ ಕಾಮಾಲೆ ಬಟ್ಟಲು ತುಂಬ ಇಳಿದದ್ದನ್ನು ನೋಡಿ ಅವ್ವನ ಕಣ್ಣುಗಳು ಅಗಲವಾಗಿದ್ದವು. ತಾನು ಹುಟ್ಟಿಸಿದ ಸುಳ್ಳು ಹೀಗೆ ಕಣ್ಣೆದುರು ನಿಜವಾಗಿ ನಿಂತರೆ ಯಾರು ತಾನೆ ಹೆದರುವುದಿಲ್ಲ! ಒಂದು ಕ್ಷಣ ಅವಳಿಗೂ ಅನುಮಾನ ಬಂತು ಅಂತ ಕಾಣುತ್ತದೆ, ಬಗ್ಗಿ ನನ್ನ ಕಣ್ಣನ್ನು ನೋಡಿದಳು. ನನಗೆ ಹೊಟ್ಟೆಯಾಳದಿಂದ ನಗು ಬಂತು. ತಡೆಯಲು ನೋಡಿದೆ, ಮೂಗಿನಿಂದ ಬಂತು. ಅವ್ವನೂ ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಓಡಿದಳು. ಅಲ್ಲಿಂದ ಅವಳ ನಗು ಕೇಳಿಸಿತು, ಆಮೇಲೆ ಆ ನಗು ಅಳುವಾದದ್ದೂ ಕೇಳಿಸಿತು. ತಿಂಗಳುಗಳ ನಂತರ ಮಗಳು ನಕ್ಕಿದ್ದಳು.

"ನಗು ಬಂತಲ್ಲ, ಇನ್ನು ಆತು. ಎಲ್ಲ ಇಳೀತು" ಅಂದಳು ಅತ್ತೆ, ಬಟ್ಟಲಿನ ನೀರನ್ನು ಗೇಟಿನಾಚೆ ಚೆಲ್ಲಲು ಹೋಗುತ್ತ. ಎದುರು ಮನೆಯ ಆಂಟಿಗೂ ತೋರಿಸಿಯೇ ಚೆಲ್ಲಿದಳು.

ಮರುದಿನ ನಾನು ದಿಂಬಿಗೊರಗಿ ಆ ಚಿತ್ರ ಬರೆದೆ. ಹಳೆಯ ಡ್ರಾಯಿಂಗ್ ಹಾಳೆ, ಕಪ್ಪು ಇಂಕು. ಚೇತರಿಸಿಕೊಳ್ಳಬೇಕು ಅಂತ ಬರೆದದ್ದಲ್ಲ. ಅತ್ತೆಯ ಗೆದ್ದ ಮುಖ ಮರೆತುಹೋಗಬಾರದು ಎಂಬ ಆಸೆಬುರುಕತನದಿಂದ ಬರೆದೆ. ಮಾತ್ರೆಯ ದೆಸೆಯಿಂದ ಕೈ ನಡುಗುತ್ತಿತ್ತು, ಎಳೆದ ಗೆರೆಗಳೆಲ್ಲ ಚಳಿ ಹಿಡಿದಂತೆ ಅದುರಿದ್ದವು. ಸಿಟ್ಟು ಬಂದು ಹರಿದೆ. ಎರಡನೆಯದನ್ನೂ ಹರಿದೆ. ಮೂರನೆಯದನ್ನು ಹರಿಯುವಷ್ಟು ತ್ರಾಣವಿರಲಿಲ್ಲ, ಹಾಗೇ ಪಕ್ಕಕ್ಕಿಟ್ಟು ಮಲಗಿದೆ. ಎದ್ದು ನೋಡಿದರೆ ಅದುರುವ ಗೆರೆಯಲ್ಲಿ ಅತ್ತೆ ಉಸಿರಾಡುತ್ತಿದ್ದಳು. ಶಾಲೆಯಲ್ಲಿ ನಾನು ಕಲಿಸುತ್ತಿದ್ದ ನುಣುಪು ಗೆರೆಯಲ್ಲಿ ಆಕೆ ಹೀಗೆ ಬರುತ್ತಿರಲಿಲ್ಲ. ಬಟ್ಟಲಿನ ನೀರಿಗೆ ಮಾತ್ರ ಬಣ್ಣ ಹಾಕಿದೆ, ಹಳದಿ.

ಅಲ್ಲಿಂದ ಸರಣಿ ಶುರುವಾಯಿತು. ಕಬ್ಬಿನ ಮಾವ, ನೆಲನೆಲ್ಲಿ ಆಂಟಿ, ಮೂಲಂಗಿಯವರು, ಬರೀ ಸಲಹೆಯವರು. ಎಲ್ಲ ಕಪ್ಪು ಇಂಕು, ಅವರು ತಂದ ವಸ್ತು ಮಾತ್ರ ಹಳದಿ. ಸಲಹೆಯವರಿಗೆ ಎಲ್ಲಿ ಹಳದಿ ಹಾಕುವುದೆಂದು ಎರಡು ದಿನ ಯೋಚಿಸಿ, ಕೊನೆಗೆ ನಾಲಗೆಗೆ ಹಾಕಿದೆ. ದಿನಕ್ಕೊಂದು ಅಂತೇನೂ ಇರಲಿಲ್ಲ. ಕೆಲವು ವಾರ ಏನೂ ಆಗುತ್ತಿರಲಿಲ್ಲ, ಪೆನ್ನು ಮುಟ್ಟಿದರೆ ವಾಕರಿಕೆ ಬರುತ್ತಿತ್ತು, ಮತ್ತೆ ಗೋಡೆಗೆ ಮುಖ ಮಾಡುತ್ತಿದ್ದೆ. ಚಿತ್ರ ಬರೆದದ್ದರಿಂದ ವಾಸಿಯಾದೆ ಅಂತ ಯಾರಾದರೂ ಹೇಳಿದರೆ ನನಗೆ ರೇಗುತ್ತದೆ. ಮಾತ್ರೆ ತಿಂದೆ, ಡಾಕ್ಟರಮ್ಮನ ಹತ್ತಿರ ಮಾತಾಡಿದೆ, ಅವ್ವ ಕಾದಳು. ಅದರ ನಡುವೆ ಚಿತ್ರವೂ ಬಂತು.

ಚಿತ್ರಗಳಲ್ಲಿ ಒಂದು ವಿಚಿತ್ರವಿತ್ತು. ಎಲ್ಲರೂ ಕೆಳಗಿನಿಂದ ಕಂಡಂತೆ ಇದ್ದರು. ದೊಡ್ಡ ಗದ್ದ, ದೊಡ್ಡ ಮೂಗಿನ ಹೊಳ್ಳೆ, ಮೊಣಕಾಲು, ಚೀಲದ ತಳ, ಮುಖದ ಪಕ್ಕದಲ್ಲಿ ಫ್ಯಾನು. ಮಲಗಿದವಳಿಗೆ ಲೋಕ ಕಾಣುವುದೇ ಹಾಗೆ. ನಿಂತ ಎತ್ತರದಿಂದ ತಿದ್ದಿ ಬರೆಯಲು ಪ್ರಯತ್ನಿಸಿದೆ, ಜನ ಗುಂಪು ಫೋಟೋಕ್ಕೆ ನಿಂತ ಹಾಗೆ ಕಂಡರು. ಮತ್ತೆ ಮಂಚದ ಎತ್ತರಕ್ಕೇ ಇಳಿದೆ.

ಈ ನಡುವೆ ನನಗೆ ಹಸಿವು ಬಂತು. ಒಂದು ಸಂಜೆ ಬಾಯಲ್ಲಿ ನೀರೂರಿ, "ಅವ್ವ, ಮಂಡಕ್ಕಿ ಮಿರ್ಚಿ ಬೇಕು" ಅಂದೆ. ಕಾಮಾಲೆಯವಳಿಗೆ ಎಣ್ಣೆಯಲ್ಲಿ ಕರಿದ ಮಿರ್ಚಿ! ಓಣಿಯಲ್ಲಿ ಯಾರಾದರೂ ನೋಡಿದರೆ ಅವ್ವನ ಮೇಲೆ ಕೊಲೆ ಕೇಸೇ ಆಗುತ್ತಿತ್ತು. ಆದರೆ ಬೇಕು ಎಂಬ ಪದವನ್ನು ನನ್ನ ಬಾಯಿಂದ ಕೇಳಿ ಎಷ್ಟೋ ದಿನವಾಗಿದ್ದ ಅವ್ವ ಹಿಂದುಮುಂದು ನೋಡದೆ ಹೋದಳು. ಮೂರು ಓಣಿ ಆಚೆಯ ಅಂಗಡಿಯಿಂದ, ಸೆರಗಿನೊಳಗೆ ಪೊಟ್ಟಣ ಮುಚ್ಚಿಟ್ಟುಕೊಂಡು ಬಂದಳು. ಕದ ಹಾಕಿ ಇಬ್ಬರೂ ಮಂಚದ ಮೇಲೆ ಕೂತು ಮೊದಲ ಮಿರ್ಚಿ ಕಚ್ಚಿದೆವು, ಅಷ್ಟರಲ್ಲೇ ಕದ ಬಡಿಯಿತು. ಪೊಟ್ಟಣ ದಿಂಬಿನ ಕೆಳಗೆ ಹೋಯಿತು. ಬಂದ ಆಂಟಿ ಮೂಗರಳಿಸಿ, "ಏನೋ ಕರಿದ ವಾಸನೆ ಐತಲ್ಲ" ಅಂದರು. "ಬಾಜು ಮನೇರು. ಹುಡುಗಿ ಪಥ್ಯದಾಗೆ ಐತೆ ಅಂತ ಗೊತ್ತಿದ್ರೂ ಹಿಂಗೆ ಮಾಡ್ತಾರೆ ನೋಡ್ರಿ" ಅಂದಳು ಅವ್ವ. ಅವಳ ತುಟಿಯ ಮೇಲೆ ಎಣ್ಣೆ ಹೊಳೆಯುತ್ತಿತ್ತು. ಪಾಪ, ಬಾಜು ಮನೆಯವರು ಆವತ್ತು ಊರಲ್ಲೇ ಇರಲಿಲ್ಲ.

ಸುಮಾರು ಒಂದು ವರ್ಷಕ್ಕೆ ಹಾಳೆಗಳು ಒಂದು ಕಟ್ಟಾದವು. ಅವ್ವನಿಗೆ ಒಂದೊಂದಾಗಿ ತೋರಿಸಿದೆ. ನಕ್ಕಳು, ತಮ್ಮನ ಮೂಗು ನೋಡಿ ಇನ್ನಷ್ಟು ನಕ್ಕಳು. ಆಮೇಲೆ ಸ್ವಲ್ಪ ಸಪ್ಪಗಾಗಿ, "ಎಲ್ರೂ ಅದಾರೆ, ನಾನೆಲ್ಲಿ?" ಎಂದು ಕೇಳಿದಳು. ನಾನು ಪ್ರತಿ ಚಿತ್ರದ ಅಂಚನ್ನು ತೋರಿಸಿದೆ. ಎಲ್ಲದರಲ್ಲೂ ಬಾಗಿಲ ಕಡೆಯಿಂದ ಒಂದು ಕೈ ಬಂದಿತ್ತು, ಬಳೆ ಹಾಕಿದ ಕೈ, ಬೆರಳಲ್ಲಿ ಕಾಫಿ ಲೋಟ. ಅವಳು ಆ ಕೈಗಳನ್ನು ಬಹಳ ಹೊತ್ತು ನೋಡಿದಳು.

"ನನ್ ಕೈ ಇಷ್ಟು ಕರ್ರಗೈತಾ?" ಅಂದಳು ಕೊನೆಗೆ.

ನನ್ನ ಜೊತೆ ಓದಿದ ಗೆಳತಿಯೊಬ್ಬಳು ಹರಿಹರದಲ್ಲಿ ಟೀಚರು. ಅಲ್ಲಿಯ ಓದುಗರ ಬಳಗವೊಂದು ಹೊಳೆಯ ಹತ್ತಿರದ ಸಣ್ಣ ಹಾಲಿನಲ್ಲಿ ಎರಡು ದಿನ ಈ ಚಿತ್ರಗಳನ್ನು ಇಡಬಹುದು ಎಂದು ಅವಳು ಹೇಳಿದಳು. ನನಗೆ ಆಸೆಯಾಯಿತು. ಆಸೆಯ ಜೊತೆಗೆ ಇನ್ನೊಂದು ಆಸೆಯೂ ಇತ್ತು. ಬಾಗಿಲ ಬಳಿ ಒಂದು ಹಾಳೆಯಲ್ಲಿ ನಿಜ ಬರೆದು ಅಂಟಿಸಬೇಕು, ನನಗೆ ಆಗಿದ್ದು ಕಾಮಾಲೆಯಲ್ಲ, ಇಂಥದ್ದು, ಇವರೆಲ್ಲ ಗೊತ್ತಿಲ್ಲದೆಯೇ ನನ್ನನ್ನು ಹಿಡಿದಿಟ್ಟುಕೊಂಡವರು, ಅಂತ.

"ಹರಿಹರದಾಗೆ ಆದ್ರೆ ಮಾಡು. ದಾವಣಗೆರೆ ಬ್ಯಾಡ" ಅಂದಳು ಅವ್ವ. ಹಾಳೆಯ ವಿಷಯ ಹೇಳಿದಾಗ ಅವಳ ಮುಖ ಬಿಳುಚಿಕೊಂಡಿತು. "ಬರೀತೀನಿ ಅಂದ್ರೆ ಬರ್ಕ. ನಾ ಬ್ಯಾಡ ಅನ್ನಲ್ಲ. ಆದ್ರೆ ಆ ಹಾಲಿನಾಗೆ ನಾ ಕಾಲಿಡಲ್ಲ."

"ಇನ್ನೂ ಎಷ್ಟು ದಿನ ಅವ್ವ? ನಂಗೆ ಉಸಿರು ಕಟ್ಟುತ್ತೆ."

"ನಂಗೂ ಕಟ್ಟುತ್ತೆ" ಅಂದಳು. ಅಷ್ಟೇ ಅಂದು ಒಳಗೆ ಹೋದಳು.

ಎರಡು ದಿನ ನಾವು ಮಾತಾಡಲಿಲ್ಲ. ನಾನು ಹಟಮಾರಿ, ಅವಳು ನನ್ನನ್ನು ಹೆತ್ತವಳು. ಕೊನೆಗೆ ಸೋತವಳು ನಾನೇ. ಆ ಚಿತ್ರಗಳಲ್ಲೆಲ್ಲ ಇರುವ ಕೈ ಬಾರದೇ ಇದ್ದರೆ ಅವುಗಳನ್ನು ಯಾರಿಗೆ ತೋರಿಸಿ ಏನು? ಹಾಳೆ ಬರೆಯಲಿಲ್ಲ. ಬಾಗಿಲ ಬಳಿ "ಕಾಮಾಲೆ ನೋಡಲು ಬಂದವರು" ಎಂದಷ್ಟೇ ಬರೆದೆ. ಅವ್ವ ಅದನ್ನು ಓದಿ ತಲೆಯಾಡಿಸಿದಳು.

ದಾವಣಗೆರೆಯಲ್ಲಿ ಬೇಡ ಅಂದ ಮಾತ್ರಕ್ಕೆ ದಾವಣಗೆರೆ ಸುಮ್ಮನೆ ಕೂರುತ್ತದೆಯೇ? ಹರಿಹರ ಎಷ್ಟು ದೂರ! ಭಾನುವಾರ ಬೆಳಿಗ್ಗೆ ಬಳಗವೆಲ್ಲ ಬಸ್ಸು ಹತ್ತಿ ಬಂದಿತು. ಮಾವ ತನ್ನ ಚಿತ್ರದ ಮುಂದೆ ನಿಂತು, "ಮೂಗು ಇಷ್ಟು ದಪ್ಪ ಎಲ್ಲೈತೆ ನಂದು?" ಎಂದು ಜಗಳ ತೆಗೆದ. ಅವ್ವ ಎಲ್ಲರಿಗೂ ಕಾಫಿ ಕೊಡುತ್ತ ಓಡಾಡಿದಳು, ಇಲ್ಲೂ. ಲೋಕಿಕೆರೆಯ ಅತ್ತೆಯದೇ ಎಲ್ಲಕ್ಕಿಂತ ದೊಡ್ಡ ದರ್ಬಾರು. ತನ್ನ ಚಿತ್ರದ ಪಕ್ಕ ಒಂದು ಕುರ್ಚಿ ಹಾಕಿಸಿಕೊಂಡು ಬಂದವರಿಗೆಲ್ಲ ವಿವರಿಸುತ್ತಿದ್ದಳು. "ಇಗಳ್ರಿ, ಇದು ನಾನು. ಈ ಹಳದಿ ನೀರು ಐತಲ್ಲ, ಇದೇ ಕಾಮಾಲೆ. ಹುಡುಗಿ ಎದ್ದು ಓಡಾಡ್ತಾಳೆ ನೋಡ್ರಿ ಈಗ."

ಆಗ ಹರಿಹರದವರೇ ಆದ ಒಬ್ಬ ಹೆಂಗಸು ಅತ್ತೆಯ ಹತ್ತಿರ ಬಂದರು. ನಮಗೆ ಪರಿಚಯವಿಲ್ಲದವರು, ಅವ್ವನ ವಯಸ್ಸಿನವರು. ಚಿತ್ರವನ್ನೂ ಅತ್ತೆಯನ್ನೂ ಎರಡೆರಡು ಸಲ ನೋಡಿ, "ನಮ್ಮನೆಗೆ ಬರ್ತೀರೇನ್ರಿ? ಇಲ್ಲೇ ಹತ್ರ" ಅಂದರು. "ನನ್ ಮಗಳಿಗೂ ಕಾಮಾಲೆ. ನಾಕು ತಿಂಗಳಾತು, ಇಳೀವಲ್ದು."

"ಇವತ್ತೇ ಬರ್ತೀನಿ. ಸುಣ್ಣ ಐತಾ ಮನ್ಯಾಗೆ?" ಅಂದಳು ಅತ್ತೆ, ಆಗಲೇ ಕುರ್ಚಿಯಿಂದ ಅರ್ಧ ಎದ್ದು.

ಕಾಫಿ ತಟ್ಟೆ ಹಿಡಿದು ಹೋಗುತ್ತಿದ್ದ ಅವ್ವ ನಿಂತಳು.

"ಕಣ್ಣು ಹಳದಿ ಆಗ್ಯಾವೇನ್ರಿ?" ಎಂದು ಕೇಳಿದಳು.

"ಇಲ್ಲ. ಒಳಗಿನ ಕಾಮಾಲೆ ಇರ್ಬೇಕು."

"ಊಟ ಮಾಡ್ತಾಳಾ?"

"ಎಲ್ಲಿ ಮಾಡ್ತಾಳ್ರಿ. ಗೋಡೆ ಕಡೆ ಮುಖ ಮಾಡಿ ಮಲಗಿರ್ತಾಳೆ. ತಲೆ ಬಾಚ್ಕಳಲ್ಲ. ಬಾಚಾಕೆ ಹೋದ್ರೆ ಬ್ಯಾಡ ಅಂತಾಳೆ. ಕಾಲೇಜು ಬಿಟ್ಟಾಳೆ." ಆಕೆ ಇದನ್ನು ಹೇಳುವಾಗ ಸುತ್ತಮುತ್ತ ನೋಡಿ ದನಿ ತಗ್ಗಿಸಿದರು. ಆ ದನಿ ತಗ್ಗಿಸುವ ರೀತಿ ನಮ್ಮ ಮನೆಯದೇ ಆಗಿತ್ತು.

ಅವ್ವ ತಟ್ಟೆಯನ್ನು ಪಕ್ಕದ ಮೇಜಿನ ಮೇಲಿಟ್ಟಳು. ಲೋಟಗಳು ಗಲಗಲ ಅಂದವು. ನನ್ನ ಕಡೆ ಒಮ್ಮೆ ನೋಡಿದಳು. ಬೇಡ ಅವ್ವ, ನನಗೋಸ್ಕರ ಬೇಡ ಅನ್ನಿಸಿತು, ಇಷ್ಟು ದಿನ ಇದನ್ನೇ ಬಯಸಿದ್ದವಳಿಗೆ.

"ಅಕ್ಕಾ, ನೀವು ಹೋಗಬ್ಯಾಡ್ರಿ" ಅಂದಳು ಅವ್ವ ಅತ್ತೆಗೆ. ಆಮೇಲೆ ಆ ಹೆಂಗಸಿನ ಕಡೆ ತಿರುಗಿದಳು. "ನಮ್ ಹುಡುಗಿಗೆ ಕಾಮಾಲೆ ಆಗಿರ್ಲಿಲ್ಲ ಕಣ್ರಿ. ಮನಸ್ಸಿಗೆ ಆಗಿತ್ತು. ಒಂದು ವರ್ಷ ಮಲಗಿದ್ಲು. ಜನ ಏನಂತಾರೋ ಅಂತ ಹೆದ್ರಿ ನಾನೇ ಕಾಮಾಲೆ ಅಂತ ಸುಳ್ಳು ಹೇಳ್ದೆ. ಇದೇ ಊರಾಗೆ ಡಾಕ್ಟ್ರಿಗೆ ತೋರಿಸಿದ್ವಿ. ಮಾತ್ರೆ ತಗಂಡ್ಲು. ಇನ್ನೂ ತಗತಾಳೆ."

ಮಾವನ ಕೈಯಲ್ಲಿ ಬಿಸ್ಕತ್ತು ಬಾಯಿಯ ಹತ್ತಿರ ನಿಂತಿತ್ತು. ಎದುರು ಮನೆಯ ಆಂಟಿ ನನ್ನನ್ನು, ಅವ್ವನನ್ನು, ಗೋಡೆಯ ಮೇಲಿನ ನೆಲನೆಲ್ಲಿ ಲೋಟವನ್ನು ನೋಡಿದರು. ಅತ್ತೆಯ ಮುಖದಲ್ಲಿ ಮಾತ್ರ ಬೇರೆಯದೇ ಚಿಂತೆ ಇತ್ತು.

"ಹಂಗಾದ್ರೆ ಆ ನೀರು ಹಳದಿ ಯಾಕಾತು?" ಎಂದು ಕೇಳಿದಳು. ದನಿ ಸಣ್ಣದಾಗಿತ್ತು.

"ಅದು ನಂಗೂ ಗೊತ್ತಿಲ್ಲ ಅಕ್ಕಾ. ಆದ್ರೆ ಅವತ್ತು ಅವಳು ನಕ್ಕಿದ್ದು ನಿಮ್ಮಿಂದ. ಅದನ್ನ ನಾ ಸಾಯೋ ತನಕ ಮರೆಯಲ್ಲ" ಅಂದಳು ಅವ್ವ.

ಅತ್ತೆ ಕುರ್ಚಿಯಲ್ಲಿ ಮತ್ತೆ ಕೂತಳು. ಸ್ವಲ್ಪ ಹೊತ್ತಿಗೆ ನನ್ನನ್ನು ಕೈಸನ್ನೆ ಮಾಡಿ ಕರೆದು, ಪಕ್ಕ ನಿಲ್ಲಿಸಿಕೊಂಡು, ನನ್ನ ಮುಂಗೈ ಹಿಡಿದುಕೊಂಡಳು. ಬಿಡಲೇ ಇಲ್ಲ. ಆ ಬಿಸಿ ಕೈಯೊಳಗೆ ನಿಂತು ನನಗೆ ಅಳು ಬಂತು. ಒಂದು ವರ್ಷ ಜಗಿದ ಪ್ರಶ್ನೆಗೆ ಹೀಗೆ ಉತ್ತರ ಸಿಕ್ಕೀತು ಅಂದುಕೊಂಡಿರಲಿಲ್ಲ.

ಆ ಹೆಂಗಸು ಮಾತ್ರ ಎರಡು ಹೆಜ್ಜೆ ಹಿಂದೆ ಸರಿದಿದ್ದರು. "ನಮ್ ಹುಡುಗಿಗೆ ಅಂಥದ್ದೇನಿಲ್ರಿ" ಅಂದರು. "ಅಂಥದ್ದು ನಮ್ ಮನೆತನದಾಗೇ ಇಲ್ಲ." ಚಪ್ಪಲಿ ಮೆಟ್ಟಿಕೊಂಡು ಸರಸರನೆ ಹೊರಟೇ ಹೋದರು.

ಅವ್ವ ಹಿಂದೆಯೇ ಹೋದಳು. ಚಪ್ಪಲಿಯನ್ನೂ ಹಾಕಿಕೊಳ್ಳಲಿಲ್ಲ. ಸೆರಗು ತಲೆಯಿಂದ ಜಾರಿ ಹೆಗಲಿಗೆ ಬಿದ್ದಿತ್ತು, ಎತ್ತಿ ಹೊದ್ದುಕೊಳ್ಳಲಿಲ್ಲ. ಕಿಟಕಿಯಿಂದ ನೋಡಿದೆ. ಹೊಳೆಯ ಕಡೆಗೆ ಇಳಿಯುವ ರಸ್ತೆಯಲ್ಲಿ ಆ ಹೆಂಗಸು ಬೆನ್ನು ಮಾಡಿ ನಿಂತಿದ್ದರು, ಅವ್ವ ಆ ಬೆನ್ನಿಗೇ ಮಾತಾಡುತ್ತಿದ್ದಳು. ಏನು ಹೇಳಿದಳೋ ಕೇಳಿಸಲಿಲ್ಲ, ಕೈ ಮಾತ್ರ ಆಡುತ್ತಿತ್ತು. ಒಂದು ಆಟೋ ಬಂದು ಹಾರ್ನ್ ಹೊಡೆದಾಗ ಇಬ್ಬರೂ ಒಟ್ಟಿಗೆ ರಸ್ತೆ ಬಿಟ್ಟು ಪಕ್ಕಕ್ಕೆ ಬಂದರು. ಆಮೇಲೆ ಒಂದು ಅಂಗಡಿಯ ಕಟ್ಟೆಯ ಮೇಲೆ ಕೂತರು. ಆ ಹೆಂಗಸು ಸೆರಗಿನಿಂದ ಮುಖ ಒರೆಸಿಕೊಂಡರು.

ಅವ್ವ ಹಾಲಿಗೆ ವಾಪಸು ಬಂದಾಗ ಕಾಫಿ ಆರಿಹೋಗಿತ್ತು. ಮಾವ ತಾನೇ ತಟ್ಟೆ ಹಿಡಿದು ಎಲ್ಲರಿಗೂ ಹಂಚುತ್ತಿದ್ದ. ಯಾರೂ ಅವಳನ್ನು ಏನೂ ಕೇಳಲಿಲ್ಲ, ಆಂಟಿ ಕೂಡ. ಅವಳು ನೆಟ್ಟಗೆ ನನ್ನ ಹತ್ತಿರ ಬಂದಳು. ಪಾದಗಳೆಲ್ಲ ಧೂಳು.

"ಗುರುವಾರ ಡಾಕ್ಟ್ರ ಹತ್ರ ಕರ್ಕಂಡು ಬರ್ತಾರಂತೆ. ಹುಡುಗಿ ಒಪ್ಪಲ್ಲ ಅಂತ ಹೆದ್ರಿಕೆ ಅವರಿಗೆ" ಅಂದಳು. "ಅದಕ್ಕೆ ಬುಧವಾರ ಅವರ ಮನೆಗೆ ಹೋಗಿ ಮಾತಾಡ್ಸಿ ಬರಾಣ. ನೀನೂ ಬಾ ತಾಯಿ. ಆ ಹುಡುಗಿಗೆ ನಿನ್ನ ತೋರಿಸ್ಬೇಕು ನಾನು."

ಒಂದು ವರ್ಷ ನನ್ನನ್ನು ಊರಿಗೆಲ್ಲ ಮುಚ್ಚಿಟ್ಟವಳು ತುಂಬಿದ ಹಾಲಿನಲ್ಲಿ, ಎಲ್ಲರಿಗೂ ಕೇಳುವ ಹಾಗೆ ಈ ಮಾತು ಹೇಳಿದಳು. ನಾನು ತಲೆಯಾಡಿಸಿದೆ. ಅವ್ವ ನನ್ನ ಕೆನ್ನೆ ಒರೆಸಿ, ಮಾವನ ಕೈಯಿಂದ ತಟ್ಟೆ ಇಸಿದುಕೊಂಡು ಕಾಫಿ ಬಿಸಿ ಮಾಡಲು ಹೋದಳು.